ಯಾದಿಯಲ್ಲಿ ಒಂದು ಹೆಸರು

ನಮ್ಮ ಕಡೆಯ ಹಳ್ಳಿಗಳಲ್ಲಿ ಮನುಷ್ಯನ ಹೆಸರು ಹಲವು ವಹಿಗಳಲ್ಲಿ ಬರೆಯಲ್ಪಟ್ಟಿರುತ್ತದೆ. ಹೊಲದ ಉತಾರದಲ್ಲಿ ಒಂದು ಕಡೆ, ಸೊಸಾಯಿಟಿಯ ಸಾಲದ ಖಾತೆಯಲ್ಲಿ ಒಂದು ಕಡೆ, ಸಕ್ಕರೆ ಕಾರಖಾನೆಯ ಕಬ್ಬಿನ ನೋಂದಣಿಯಲ್ಲಿ ಒಂದು ಕಡೆ, ಕಿರಾಣಿ ಅಂಗಡಿಯ ಉದ್ರಿ ಲೆಕ್ಕದಲ್ಲಿ ಮತ್ತೊಂದು ಕಡೆ. ಆದರೆ ಹೊಲವಿಲ್ಲದವನ ಹೆಸರು ಉತಾರದಲ್ಲಿ ಬಾರದು. ಪತ್ತಿಲ್ಲದವನ ಹೆಸರನ್ನು ಸೊಸಾಯಿಟಿಯವರು ಬರೆದುಕೊಳ್ಳರು. ಗಂಡನ ಮನೆಯಲ್ಲಿ ನಲವತ್ತು ವರ್ಷ ಬಾಳಿದ ಹೆಣ್ಣುಮಗಳ ಹೆಸರು ಇವುಗಳಲ್ಲಿ ಒಂದರಲ್ಲಿಯೂ ಇಲ್ಲದೆ ಹೋಗಬಹುದು. ಉಳ್ಳವನನ್ನೂ ಇಲ್ಲದವನನ್ನೂ, ಅತ್ತೆಯನ್ನೂ ಸೊಸೆಯನ್ನೂ, ಒಡೆಯನನ್ನೂ ಆಳನ್ನೂ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ಬರೆಯುವ ಪುಸ್ತಕ ಊರಿಗೆಲ್ಲ ಒಂದೇ. ಅದು ಮತದಾರರ ಯಾದಿ.

ತುಕ್ಕಾನಟ್ಟಿಯಂಥ ಊರನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿಚಾರ ಮಾಡುವುದು ಒಳ್ಳೆಯದು. ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದ ಈ ಊರು ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರದ ದೆಸೆಯಿಂದ ಸುತ್ತಲಿನ ಒಕ್ಕಲು ಮಕ್ಕಳಿಗೆಲ್ಲ ಪರಿಚಿತವಾದದ್ದು. ಬೀಜ, ಗೊಬ್ಬರ, ರೋಗ, ಬೆಳೆ ಇವುಗಳ ವಿಷಯದಲ್ಲಿ ರೈತನಿಗೆ ತಿಳಿವಳಿಕೆ ಕೊಡಬೇಕಾದರೆ ಭಾಷಣ ಸಾಲದು, ಹೊಲಕ್ಕೇ ಹೋಗಿ ಮಾಡಿ ತೋರಿಸಬೇಕು ಎಂಬುದು ಅಂಥ ಕೇಂದ್ರಗಳ ಮೂಲ ತತ್ತ್ವ. ಮತದಾರನಿಗೆ ಕೊಡುವ ಶಿಕ್ಷಣದಲ್ಲಿ ಮಾತ್ರ ನಾವು ಈ ತತ್ತ್ವವನ್ನು ಮರೆತಿದ್ದೇವೆ. ಚುನಾವಣೆ ಬಂದಾಗ ಜಾಥಾ ಹೊರಡಿಸಿ, ರಂಗೋಲಿ ಬರೆಯಿಸಿ, ಪ್ರತಿಜ್ಞೆ ಹೇಳಿಸಿ, ‘ತಪ್ಪದೆ ಮತ ಹಾಕಿರಿ’ ಎಂದು ಸಾರುತ್ತೇವೆ. ಯಾದಿಯಲ್ಲಿ ಹೆಸರೇ ಇಲ್ಲದವನಿಗೆ ಆ ಸಾರಿಕೆಯಿಂದ ಏನು ಪ್ರಯೋಜನ?

ಈ ಯಾದಿಯ ಬೆಲೆ ತಿಳಿಯಬೇಕಾದರೆ ಅದು ಇಲ್ಲದಿದ್ದ ಕಾಲವನ್ನು ನೆನೆಯಬೇಕು. ಬೆಳಗಾವಿ ಜಿಲ್ಲೆ ಮುಂಬಯಿ ಇಲಾಖೆಯಲ್ಲಿದ್ದಾಗ, 1919ರ ಸುಧಾರಣೆಗಳ ಮೇರೆಗೆ ನಡೆದ ಚುನಾವಣೆಗಳಲ್ಲಿ ಹಳ್ಳಿಯವನ ಮತಕ್ಕೆ ಅವನು ಸಲ್ಲಿಸುವ ಭೂಕಂದಾಯವೇ ಅಳತೆಗೋಲಾಗಿತ್ತು. 1921ರಲ್ಲಿ ಮುಂಬಯಿ ಶಾಸನಸಭೆ ಸ್ತ್ರೀಯರಿಗೂ ಬಾಗಿಲು ತೆರೆಯಿತಾದರೂ, ಆಸ್ತಿಯುಳ್ಳ ಸ್ತ್ರೀಯರೇ ಎಷ್ಟು ಮಂದಿ ಇದ್ದರು? 1935ರ ಕಾಯಿದೆ ಬಾಗಿಲನ್ನು ಇನ್ನಷ್ಟು ಅಗಲ ಮಾಡಿತು. ಓದುಬರಹ ಬಲ್ಲ ಸ್ತ್ರೀಗೂ, ಹಲವು ಪ್ರಾಂತಗಳಲ್ಲಿ ಅರ್ಹತೆಯುಳ್ಳವನ ಹೆಂಡತಿಗೂ ಮತ ಬಂದಿತು. ಆದರೂ ದೇಶದ ವಯಸ್ಕರಲ್ಲಿ ಬಹುಭಾಗ ಹೊರಗೇ ಉಳಿಯಿತು. ಒಳಬಂದ ಹೆಣ್ಣುಮಗಳಲ್ಲಿ ಎಷ್ಟೋ ಮಂದಿ ತಮ್ಮ ಹಕ್ಕಿನಿಂದ ಬರಲಿಲ್ಲ, ಇಂಥವನ ಹೆಂಡತಿಯೆಂದು ಬಂದರು.

ಈ ಅಳತೆಗೋಲನ್ನು ಮೊದಲಿಗೇ ಪ್ರಶ್ನಿಸಿದವರಲ್ಲಿ ಡಾ. ಅಂಬೇಡ್ಕರರು ಮುಖ್ಯರು. 1919ರಲ್ಲಿ ಸೌಥ್‌ಬರೋ ಸಮಿತಿಯ ಮುಂದೆ ಸಾಕ್ಷ್ಯ ನುಡಿದಾಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. 1925ರ ಏಪ್ರಿಲಿನಲ್ಲಿ ನಮ್ಮ ಜಿಲ್ಲೆಯ ನಿಪ್ಪಾಣಿಗೇ ಬಂದು ಅವರು ದಲಿತ ವರ್ಗಗಳ ಪ್ರಾಂತಿಕ ಪರಿಷತ್ತಿನಲ್ಲಿ ಮಾತನಾಡಿದರು. 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಮತಾಧಿಕಾರ ಬೇಕೆಂದು ಕೇಳಿದರು. ಆಸ್ತಿಯೂ ಅಕ್ಷರವೂ ಯಾರಿಗೆ ತಲೆತಲಾಂತರದಿಂದ ನಿರಾಕರಿಸಲ್ಪಟ್ಟಿದ್ದವೋ ಅವರನ್ನೇ ಆಸ್ತಿ ಅಕ್ಷರಗಳ ಅಳತೆಯಿಂದ ಹೊರಗಿಡುವುದು ಒಂದು ಅನ್ಯಾಯದ ಮೇಲೆ ಇನ್ನೊಂದು ಅನ್ಯಾಯವನ್ನು ಹೇರಿದಂತೆ.

ಆ ಕಾಲದಲ್ಲಿ ಬಡವನ ಹೆಸರು ಸರಕಾರದ ಯಾವ ಪುಸ್ತಕದಲ್ಲಿಯೂ ಇರಲಿಲ್ಲವೆಂದಲ್ಲ. ಕೆಲವರ ಹೆಸರು ಪೋಲೀಸರ ಪುಸ್ತಕದಲ್ಲಿ ಬಹು ಜೋಪಾನವಾಗಿ ಇತ್ತು. 1871ರಲ್ಲಿ ಹುಟ್ಟಿದ ‘ಅಪರಾಧಿ ಬುಡಕಟ್ಟುಗಳ’ ಕಾಯಿದೆಯ ಮೇರೆಗೆ ಜಾತಿಜಾತಿಗಳನ್ನೇ ಅಪರಾಧಿಗಳೆಂದು ಸಾರಿ, ಅವರ ಹೆಸರು ಬರೆದುಕೊಂಡು, ಹಾಜರಿ ತೆಗೆದುಕೊಳ್ಳುತ್ತಿದ್ದರು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಅವರನ್ನು ಕೂಡಿಹಾಕಿದ ವಸಾಹತುಗಳಿದ್ದವು. ದೇಶದಾದ್ಯಂತ ಆ ಕಾಯಿದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಅಂದರೆ ನಮ್ಮ ಮೊದಲನೆಯ ಮಹಾಚುನಾವಣೆ ಮುಗಿದ ಮೇಲೆ! ಸಂಶಯದಿಂದ ಬರೆದುಕೊಂಡ ಹೆಸರಿಗೂ ವಿಶ್ವಾಸದಿಂದ ಬರೆದುಕೊಂಡ ಹೆಸರಿಗೂ ಇರುವ ಅಂತರವೇ ಪರರಾಜ್ಯಕ್ಕೂ ಸ್ವರಾಜ್ಯಕ್ಕೂ ಇರುವ ಅಂತರ.

ಆ ವಿಶ್ವಾಸ ಎಷ್ಟು ದೊಡ್ಡದಾಗಿತ್ತೆಂಬುದನ್ನು ನಾವು ಈಗ ಮರೆಯುತ್ತಿದ್ದೇವೆ. 1951ರ ಜನಗಣತಿಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಅಂಥ ದೇಶದಲ್ಲಿ, ಸಂವಿಧಾನ ಜಾರಿಗೆ ಬರುವುದಕ್ಕೆ ಮೊದಲೇ, 1948ರಿಂದಲೇ ಮತದಾರರ ಯಾದಿಯ ಸಿದ್ಧತೆ ಆರಂಭವಾಯಿತು. ಸಂವಿಧಾನದ 326ನೆಯ ವಿಧಿಯಲ್ಲಿ ಆಸ್ತಿಯ ಮಾತಿಲ್ಲ, ಓದಿನ ಮಾತಿಲ್ಲ. ವಯಸ್ಸಾದ ಪ್ರತಿಯೊಬ್ಬ ನಾಗರಿಕನಿಗೂ ನೋಂದಣಿಯ ಹಕ್ಕಿದೆ, ಅಷ್ಟೇ. ಯಾದಿಯಲ್ಲಿ ಸುಮಾರು 17 ಕೋಟಿ 30 ಲಕ್ಷ ಹೆಸರುಗಳು ಸೇರಿದವು. ಓದಲು ಬಾರದವನಿಗಾಗಿ ಚಿಹ್ನೆಗಳು ಬಂದವು. ಅಭ್ಯರ್ಥಿಗೊಂದರಂತೆ ಪೆಟ್ಟಿಗೆಗಳು ಬಂದವು. 1962ರಿಂದ ನಮ್ಮ ಮೈಸೂರಿನ ಬಣ್ಣ ಮತ್ತು ಅರಗಿನ ಕಾರಖಾನೆಯಲ್ಲಿ ತಯಾರಾದ, ಅಳಿಸಲಾಗದ ಮಸಿ ದೇಶದ ಮತದಾರರ ಬೆರಳಿಗೆ ಬಂದಿತು. ಅನಕ್ಷರಸ್ಥನು ಚುನಾವಣೆಗೆ ತಕ್ಕವನಾಗಲಿ ಎಂದು ಕಾಯುತ್ತ ಕೂಡದೆ, ಚುನಾವಣೆಯನ್ನೇ ಅನಕ್ಷರಸ್ಥನಿಗೆ ತಕ್ಕಂತೆ ಮಾಡಿದರು. ಆ ವಿಶ್ವಾಸ ಹುಸಿಯಾಗಲಿಲ್ಲ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಜನ ಅಭ್ಯರ್ಥಿಗಳು ನಿಂತಾಗ ಮತಪತ್ರ ಎಂಬುದು ಒಂದು ಹೊತ್ತಗೆಯೇ ಆಗಿತ್ತು. ನಮ್ಮ ಮತದಾರ ಅದರಲ್ಲಿಯೂ ತನಗೆ ಬೇಕಾದ ಗುರುತನ್ನು ಹುಡುಕಿ ಮುದ್ರೆಯೊತ್ತಿ ಬಂದ.

ಆದರೆ ಆ ಮೊದಲನೆಯ ಯಾದಿಯಲ್ಲಿ ಒಂದು ಕಲೆ ಉಳಿಯಿತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ ಮೊದಲಾದ ಕಡೆಗಳಲ್ಲಿ ಲಕ್ಷಾಂತರ ಸ್ತ್ರೀಯರು ಪರಪುರುಷನಾದ ಅಧಿಕಾರಿಯ ಮುಂದೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಬರೆಯಿಸಿದರು. ಮೊದಲನೆಯ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಸ್ತ್ರೀಯರು ಯಾದಿಯಿಂದ ಹೊರಗಾದರು. ಇದರಿಂದ ಮುಂದೆ ಒಳ್ಳೆಯದೇ ಆಗುವುದೆಂದು ಸೇನರು ಭಾವಿಸಿದ್ದರು. ತತ್ತ್ವ ನಿಜವಾಗಿಯೂ ದೊಡ್ಡದು: ಗಣರಾಜ್ಯದಲ್ಲಿ ಹೆಣ್ಣು ಯಾರದೋ ಬಾಲಂಗೋಚಿಯಲ್ಲ, ಅವಳಿಗೆ ಅವಳದೇ ಹೆಸರಿದೆ. ಆದರೆ ಆ ತತ್ತ್ವದ ಬೆಲೆಯನ್ನು ತೆತ್ತವಳು ಯಾರು? ಹೆಸರು ಹೇಳಬಾರದೆಂದು ಅವಳಿಗೆ ಕಲಿಸಿದ ಮನೆಯ ಗಂಡಸು ನೆಟ್ಟಗೆ ಹೋಗಿ ಮತ ಹಾಕಿ ಬಂದ. ದಂಡ ತೆತ್ತವಳು ಅವಳು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಸಂಕೋಚ ಅರ್ಥವಾಗದ್ದಲ್ಲ. ಗಂಡನ ಹೆಸರನ್ನು ನೇರವಾಗಿ ಹೇಳಬಾರದೆಂದು ಒಡಪಿನಲ್ಲಿ ಅಡಗಿಸಿ ಹೇಳುವ ಪದ್ಧತಿ ಇಲ್ಲಿಯದು. ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಮನೆಗಳೂ ಉಂಟು. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಇನ್ನೊಂದು ಹೆಸರು, ಕರೆಯುವುದು ಮೂರನೆಯದು! ಕೇಳುವುದಕ್ಕೆ ಚೆಂದವಾದ ಈ ಆಚಾರ ಯಾದಿಗೆ ಬಂದಾಗ ತೊಡಕಾಗುತ್ತದೆ. ತವರಿನ ಯಾದಿಯಲ್ಲಿ ‘ಮದುವೆಯಾಗಿ ಹೋದಳು’ ಎಂದು ಹೆಸರು ತೆಗೆಯುತ್ತಾರೆ. ಗಂಡನ ಊರಿನಲ್ಲಿ ‘ದಾಖಲೆ ಹೊಂದುವುದಿಲ್ಲ’ ಎಂದು ಬರೆದುಕೊಳ್ಳುವುದಿಲ್ಲ. ಎರಡು ಊರುಗಳ ನಡುವೆ ಅವಳ ಮತ ಕಳೆದುಹೋಗುತ್ತದೆ.

ಹೆಸರು ಬರೆಯಿಸುವ ಹೊರೆ ಯಾರದು? ಪ್ರಜೆಯದೋ, ರಾಜ್ಯದ್ದೋ? ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಅಮೆರಿಕಾದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದ ಇತಿಹಾಸವೇ ಸಾಕ್ಷಿ. ಅಲ್ಲಿ ಕಪ್ಪು ಜನರಿಗೆ ಮತದ ಹಕ್ಕು ಕಾಗದದ ಮೇಲೆ 1870ರಿಂದಲೂ ಇತ್ತು. ಆದರೆ ನೋಂದಣಿ ಬೇಕಾದವನೇ ಕಚೇರಿಗೆ ಹೋಗಬೇಕು, ಓದಿ ತೋರಿಸಬೇಕು, ಸಂಸ್ಥಾನದ ಸಂವಿಧಾನದ ಒಂದು ಭಾಗವನ್ನು ಅರ್ಥೈಸಿ ಹೇಳಬೇಕು. ಹೇಳಿದ್ದು ಸರಿಯೋ ತಪ್ಪೋ ಎಂಬುದನ್ನು ಬಿಳಿಯ ಗುಮಾಸ್ತ ತೀರ್ಮಾನಿಸಬೇಕು. ಬಿಳಿಯನಿಗೆ ಸುಲಭದ ಪ್ರಶ್ನೆ, ಕರಿಯನಿಗೆ ಉತ್ತರವಿಲ್ಲದ ಪ್ರಶ್ನೆ.

ಇದಕ್ಕೆ ಆ ಜನ ಕಂಡುಕೊಂಡ ಉಪಾಯ ಬಹು ಸರಳವಾದದ್ದು. ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ ಈಸಾ ಜೆಂಕಿನ್ಸ್ ಎಂಬವರು ಬಸ್ಸು ಓಡಿಸುತ್ತ, ಕೂಲಿಗೆ ಹೋಗುವ ಪ್ರಯಾಣಿಕರಿಗೆ ಸಂವಿಧಾನದ ವಾಕ್ಯಗಳನ್ನು ಕಲಿಸುತ್ತಿದ್ದರು. ಅವರ ಕೋರಿಕೆಯಿಂದ 1957ರ ಜನವರಿಯಲ್ಲಿ ಅಲ್ಲಿ ಒಂದು ‘ಪೌರತ್ವ ಶಾಲೆ’ ಹುಟ್ಟಿತು. ಅದನ್ನು ರೂಪಿಸಿದವರು ಸೆಪ್ಟಿಮಾ ಕ್ಲಾರ್ಕ್. ಕಪ್ಪು ಜನರ ಹಕ್ಕಿನ ಸಂಘಕ್ಕೆ ಸೇರಿದ್ದರೆಂಬ ಒಂದೇ ಕಾರಣಕ್ಕೆ 1956ರಲ್ಲಿ ಶಿಕ್ಷಕಿಯ ಕೆಲಸ ಕಳೆದುಕೊಂಡವರು. ಮೊದಲ ಗುರು ಬರ್ನಿಸ್ ರಾಬಿನ್‌ಸನ್. ಆಕೆ ಶಿಕ್ಷಕಿಯಲ್ಲ, ತಲೆಗೂದಲು ಶೃಂಗರಿಸುವ ವೃತ್ತಿಯವಳು. ಅಂಗಡಿಯ ಹಿಂಬದಿಯ ಕೋಣೆಯೇ ಶಾಲೆ. ಪಾಠ ಯಾವುದು? ತನ್ನ ಹೆಸರು ಬರೆಯುವುದು, ಅರ್ಜಿ ತುಂಬುವುದು, ಕಾಯಿದೆ ಓದುವುದು. ಆ ಬಗೆಯ ಶಾಲೆಗಳು ದಕ್ಷಿಣದಲ್ಲೆಲ್ಲ ಹಬ್ಬಿದವು.

ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 1962ರ ಆಗಸ್ಟ್ 31ರಂದು ಮಿಸಿಸಿಪಿಯ ಇಂಡಿಯನೋಲಾ ಪಟ್ಟಣಕ್ಕೆ ಹೆಸರು ಬರೆಯಿಸಲು ಹೋದ ಫ್ಯಾನಿ ಲೂ ಹೇಮರ್ ಎಂಬ ಹತ್ತಿಯ ಹೊಲದ ಕೆಲಸಗಾತಿಯನ್ನು, ಅವಳು ಹದಿನೆಂಟು ವರ್ಷ ದುಡಿದ ತೋಟದಿಂದ ಅದೇ ದಿನ ಹೊರಗೆ ಹಾಕಿದರು. 1964ರ ಜೂನಿನಲ್ಲಿ ನೋಂದಣಿಯ ಕಾರ್ಯಕ್ಕೆ ಹೋದ ಮೂವರು ತರುಣರ ಕೊಲೆಯಾಯಿತು. 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆಯ ಮೇಲೆ ಮೆರವಣಿಗೆಯವರ ತಲೆ ಒಡೆಯಿತು. ಆ ವರ್ಷದ ಆಗಸ್ಟ್ 6ರಂದು ಮತಾಧಿಕಾರದ ಕಾಯಿದೆ ಬಂದಿತು. ಮಿಸಿಸಿಪಿಯಲ್ಲಿ 1964ರಲ್ಲಿ ನೂರಕ್ಕೆ ಏಳರಷ್ಟೂ ಇಲ್ಲದಿದ್ದ ಕಪ್ಪು ಜನರ ನೋಂದಣಿ ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಅರವತ್ತಕ್ಕೆ ಏರಿತು. ಬಾಗಿಲು ತೆರೆದರೆ ಜನ ಬರುತ್ತಾರೆ. ‘ಅವರಿಗೆ ಆಸಕ್ತಿಯಿಲ್ಲ’ ಎಂಬುದು ಬಾಗಿಲು ಮುಚ್ಚಿದವರ ಮಾತು. ಆದರೆ ತೆರೆದ ಬಾಗಿಲೂ ತೆರೆದೇ ಇರುವುದೆಂಬ ಭರವಸೆಯಿಲ್ಲ. 2013ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯ ಒಂದು ಮುಖ್ಯ ಕಾವಲನ್ನು ನಿಷ್ಫಲಗೊಳಿಸಿತು.

ಜಾನ್ಸ್ ದ್ವೀಪದಿಂದ ತುಕ್ಕಾನಟ್ಟಿಗೆ ಮರಳಿ ಬಂದರೆ, ನಮ್ಮ ಹಿರಿಯರು ನಮಗೆ ಕೊಟ್ಟ ಭಾಗ್ಯ ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಪರೀಕ್ಷೆಯಿಲ್ಲ, ಗುಮಾಸ್ತನ ಪ್ರಶ್ನೆಯಿಲ್ಲ. ಯಾದಿ ತಯಾರಿಸುವ ಹೊರೆ ರಾಜ್ಯದ್ದು. ಮನೆಯ ಬಾಗಿಲಿಗೆ ಬಂದು ಹೆಸರು ಬರೆದುಕೊಳ್ಳಬೇಕಾದದ್ದು ಅದರ ಕೆಲಸ. ಆದರೆ ಈ ಹೊರೆ ಬರಬರುತ್ತ ಸದ್ದಿಲ್ಲದೆ ಪ್ರಜೆಯ ಹೆಗಲಿಗೆ ಜಾರುತ್ತಿದೆ ಎಂಬುದೇ ನನ್ನ ಆಕ್ಷೇಪ. ‘ನಿಮ್ಮ ಹೆಸರು ಇದೆಯೇ ನೋಡಿಕೊಳ್ಳಿರಿ, ಇಲ್ಲದಿದ್ದರೆ ಅರ್ಜಿ ಹಾಕಿರಿ’ ಎಂದು ಹೇಳಿಬಿಟ್ಟರೆ ಕರ್ತವ್ಯ ಮುಗಿಯಿತೆಂಬ ಭಾವನೆ ಬೆಳೆಯುತ್ತಿದೆ. ಮೊಬೈಲು ಬಲ್ಲವನಿಗೆ ಅದು ಒಂದು ನಿಮಿಷದ ಕೆಲಸ. ಅಕ್ಷರ ಬಾರದ ಮುದುಕಿಗೆ ಅದೂ ಒಂದು ಪರೀಕ್ಷೆಯೇ.

ಪಂಚಾಂಗವನ್ನೇ ನೋಡಿರಿ. ಯಾದಿಯ ವಾರ್ಷಿಕ ಪರಿಷ್ಕರಣೆ ಸಾಮಾನ್ಯವಾಗಿ ನಡೆಯುವುದು ಅಕ್ಟೋಬರ್ ನವೆಂಬರಿನಿಂದ ಜನವರಿಯವರೆಗೆ. ಕರಡು ಪ್ರಕಟವಾಗುವುದೂ, ಆಕ್ಷೇಪಣೆ ಕೇಳುವುದೂ ಆ ತಿಂಗಳುಗಳಲ್ಲಿಯೇ. ನಮ್ಮ ಸೀಮೆಯಲ್ಲಿ ಆ ತಿಂಗಳುಗಳು ಯಾವುವು? ಕಬ್ಬು ಕಡಿಯುವ ತಿಂಗಳುಗಳು! ಕಾರಖಾನೆಗಳ ಹೊಗೆ ಎದ್ದಿತೆಂದರೆ ಮುಕಾದಮನಿಂದ ಮುಂಗಡ ಪಡೆದ ಗಂಡಹೆಂಡಿರು ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು, ಪರವೂರಿನ ಕಬ್ಬಿನ ಪಡದಲ್ಲಿ ಗುಡಿಸಲು ಹಾಕುತ್ತಾರೆ. ಪರಿಶೀಲನೆಗೆ ಬಂದವರಿಗೆ ಕಾಣುವುದು ಬೀಗ ಹಾಕಿದ ಬಾಗಿಲು. ಕುರಿಗಳ ಹಿಂದೆ ಸಂಚಾರ ಹೊರಟ ಹಾಲುಮತದ ಸಂಸಾರಗಳ ಗತಿಯೂ ಇದೇ. ‘ಇಲ್ಲಿ ವಾಸವಿಲ್ಲ’ ಎಂದು ಒಂದು ಗುರುತು ಬಿದ್ದರೆ ಮುಗಿಯಿತು. ಯುಗಾದಿಗೆ ಊರಿಗೆ ಮರಳಿದವನಿಗೆ ತಾನು ಈ ಊರಿನವನಲ್ಲವೆಂಬುದು ಮತಗಟ್ಟೆಯ ಮುಂದೆಯೇ ತಿಳಿಯುತ್ತದೆ.

ಕಾಯಿದೆ ಹೀಗೆ ಹೇಳುವುದಿಲ್ಲ. ತಾತ್ಕಾಲಿಕವಾಗಿ ಊರು ಬಿಟ್ಟವನು ಅದರಿಂದಲೇ ಆ ಊರಿನ ಸಾಮಾನ್ಯ ನಿವಾಸಿಯಲ್ಲವೆಂದು ಆಗುವುದಿಲ್ಲವೆಂದು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 20ನೆಯ ಕಲಮು ಸ್ಪಷ್ಟಪಡಿಸುತ್ತದೆ. ವಾಸವಿಲ್ಲವೆಂದು ಹೆಸರು ತೆಗೆಯುವ ಮುನ್ನ ಅವನ ಮಾತು ಕೇಳಲು ತಕ್ಕ ಅವಕಾಶ ಕೊಡಬೇಕೆಂದು 22ನೆಯ ಕಲಮು ವಿಧಿಸುತ್ತದೆ. ಕಾಯಿದೆಗೆ ಕಬ್ಬು ಕಡಿಯುವವನ ಕಷ್ಟ ಗೊತ್ತಿದೆ. ಕಾಯಿದೆಯ ಈ ಮಾತು ಮಾತ್ರ ಕಬ್ಬು ಕಡಿಯುವವನಿಗೆ ಗೊತ್ತಿಲ್ಲ. ಮತದಾರರ ಶಿಕ್ಷಣ ಎಂಬುದು ಆರಂಭವಾಗಬೇಕಾದದ್ದು ಇಲ್ಲಿಂದ.

ಹೆಸರು ಕಳೆಯುವುದು ಅಲಕ್ಷ್ಯದಿಂದ ಮಾತ್ರವೆಂದೂ ತಿಳಿಯಬಾರದು. 2023ರ ವಿಧಾನಸಭಾ ಚುನಾವಣೆಯ ಮುನ್ನ ಕಲಬುರ್ಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 6,018 ಹೆಸರುಗಳನ್ನು ತೆಗೆಯಬೇಕೆಂದು ಅಂತರ್ಜಾಲದ ಮೂಲಕ ಅರ್ಜಿಗಳು ಬಂದವು. ವಿಚಾರಣೆ ಮಾಡಲಾಗಿ ಅವುಗಳಲ್ಲಿ ಸರಿಯಾದವು 24 ಮಾತ್ರ! ಪೋಲೀಸು ದೂರು ದಾಖಲಾಯಿತು. ಈ ಪ್ರಕರಣ ಬೆಳಕಿಗೆ ಬಂದ ಬಗೆಯನ್ನು ಗಮನಿಸಬೇಕು. ಒಬ್ಬ ಮತಗಟ್ಟೆ ಮಟ್ಟದ ಅಧಿಕಾರಿಣಿಗೆ ತನ್ನ ಬಂಧುವಿನ ಹೆಸರನ್ನೇ ತೆಗೆಯಬೇಕೆಂಬ ಅರ್ಜಿ ಕಣ್ಣಿಗೆ ಬಿದ್ದಿತು. ಅರ್ಜಿ ಹಾಕಿದನೆಂದು ತೋರಿಸಿದ್ದ ನೆರೆಯವನಿಗೆ ಆ ಸಂಗತಿಯೇ ಗೊತ್ತಿರಲಿಲ್ಲ. ಯಂತ್ರದ ಕಣ್ಣಿಗೆ ಬೀಳದ್ದು ಊರ ಕಣ್ಣಿಗೆ ಬಿದ್ದಿತು.

ಊರ ಕಣ್ಣನ್ನು, ಊರ ಕಿವಿಯನ್ನು ಕೆಲಸಕ್ಕೆ ಹಚ್ಚಬೇಕು ಎಂಬುದೇ ನನ್ನ ಸೂಚನೆಯ ಸಾರ. ಇದು ಹೊಸದಲ್ಲ. ಯಾದಿಯ ಪರಿಷ್ಕರಣೆಯ ವೇಳಾಪಟ್ಟಿಗಳಲ್ಲಿ, ಕರಡು ಯಾದಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕೆಂದು ಚುನಾವಣಾ ಆಯೋಗವೇ ದಿನ ಗೊತ್ತುಪಡಿಸಿದ್ದುಂಟು. ಓದಿದ್ದನ್ನು ಕೇಳಿದವರು ಎಷ್ಟು ಮಂದಿ? ಗೋಡೆಗೆ ಅಂಟಿಸಿದ ಯಾದಿಯನ್ನು ಓದು ಬಲ್ಲವನು ಓದುತ್ತಾನೆ. ಗಟ್ಟಿಯಾಗಿ ಓದಿದ ಯಾದಿಯನ್ನು ಊರೆಲ್ಲ ಕೇಳುತ್ತದೆ. ಸತ್ತವನ ಹೆಸರು ಬಂದರೆ ‘ಅವರು ತೀರಿಕೊಂಡು ಎರಡು ವರ್ಷವಾಯಿತು’ ಎಂದು ನಾಲ್ಕು ದನಿಗಳು ಏಳುತ್ತವೆ. ಇದ್ದವಳ ಹೆಸರು ಬಾರದಿದ್ದರೆ ‘ನಮ್ಮ ಸೊಸೆಯ ಹೆಸರೆಲ್ಲಿ?’ ಎಂದು ಅತ್ತೆಯೇ ಕೇಳುತ್ತಾಳೆ.

ಆದ್ದರಿಂದ ಪ್ರತಿಯೊಂದು ಗ್ರಾಮ ಪಂಚಾಯತಿಯೂ ವರ್ಷಕ್ಕೆ ಎರಡು ಸಾರಿ, ಡಂಗುರ ಸಾರಿಸಿ, ಯಾದಿಯನ್ನು ಓಣಿಓಣಿಗೆ ಓದಿಸಲಿ. ಒಂದು ಓದು ದಸರೆಯ ಮುಂಚೆ, ಕಬ್ಬಿನ ಕೂಲಿಗಳು ಊರು ಬಿಡುವ ಮುನ್ನ; ಇನ್ನೊಂದು ಯುಗಾದಿಯ ತರುವಾಯ, ಅವರು ಮರಳಿದ ಮೇಲೆ. 2022ರಿಂದ ಹದಿನೆಂಟು ತುಂಬಿದವರ ಅರ್ಹತೆಯನ್ನು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಖುಗಳಿಗೆ ಎಣಿಸುತ್ತಿರುವುದರಿಂದ, ಹೀಗೆ ಎರಡು ಸಾರಿ ಓದುವುದಕ್ಕೆ ಅಡ್ಡಿಯೇನೂ ಇಲ್ಲ. ಮದುವೆಯಾಗಿ ಬಂದ ಹೆಣ್ಣುಮಗಳ ಹೆಸರನ್ನು ಸ್ಥಳ ಬದಲಾವಣೆಯ 8ನೆಯ ನಮೂನೆಯಲ್ಲಿ ಬರೆದುಕೊಂಡು, ಇಲ್ಲಿ ಸೇರಿದ ಮೇಲೆಯೇ ಅಲ್ಲಿ ತೆಗೆಯುವ ಎಚ್ಚರ ಇರಲಿ. ಗೋಕಾಕ, ಮೂಡಲಗಿಗಳ ಕಾಲೇಜುಗಳಿಗೆ ಹೋಗುವ ಹುಡುಗ ಹುಡುಗಿಯರು ತಮ್ಮ ತಮ್ಮ ಓಣಿಯ ಹೆಸರುಗಳಿಗೆ ಹೊಣೆಯಾಗಲಿ. ಹತ್ತಿರದ ಘಟಪ್ರಭೆಯಲ್ಲಿ ಆರೋಗ್ಯಧಾಮ ಕಟ್ಟಿದ ಡಾ. ಹರ್ಡೀಕರರು ಅಮೆರಿಕಾದಲ್ಲಿ ಓದಿ ಬಂದು, 1923ರಲ್ಲಿ ಸೇವಾದಳ ಸ್ಥಾಪಿಸಿ, ತರುಣರಿಗೆ ಶಿಸ್ತಿನ ಸೇವೆಯ ಪಾಠ ಹೇಳಿದವರು. ಸ್ವಯಂಸೇವಕರ ಕೊರತೆ ಈ ನೆಲಕ್ಕೆ ಇರಬಾರದು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಯಾದಿಯಲ್ಲಿ ಸತ್ತವರಿದ್ದಾರೆ, ಊರು ಬಿಟ್ಟವರಿದ್ದಾರೆ, ಎರಡೆರಡು ಕಡೆ ಹೆಸರಿದ್ದವರಿದ್ದಾರೆ. ಮೊದಲು ಸ್ವಚ್ಛಗೊಳಿಸುವುದು ಮುಖ್ಯವಲ್ಲವೇ ಎಂದು. ನಿಜ; ಒಬ್ಬನಿಗೆ ಎರಡು ಮತವಿದ್ದರೆ ಇನ್ನೊಬ್ಬನ ಒಂದು ಮತದ ಬೆಲೆ ಅರ್ಧವಾಗುತ್ತದೆ. ಕಳೆ ಕೀಳಲೇಬೇಕು. ಆದರೆ ಒಕ್ಕಲಿಗನು ಕಳೆ ಕೀಳುವಾಗ ಪೈರಿನ ಬುಡವನ್ನು ಕೈಯಿಂದ ಹಿಡಿದು ನೋಡಿ ಕೀಳುತ್ತಾನೆ. ದೂರ ನಿಂತು ಕುಂಟೆ ಹೊಡೆಯುವುದಿಲ್ಲ. ಸುಳ್ಳು ಹೆಸರೊಂದು ಉಳಿದರೆ ಅದು ದೋಷ. ಇದ್ದ ಮನುಷ್ಯನೊಬ್ಬನನ್ನು ಇಲ್ಲವೆಂದು ಬರೆದರೆ ಅದು ಅಪರಾಧ. ಊರ ಮುಂದೆ ಗಟ್ಟಿಯಾಗಿ ಓದಿದರೆ ಎರಡಕ್ಕೂ ಮದ್ದು ಒಂದೇ ಸಾರಿ ಸಿಗುತ್ತದೆ.

2011ರಿಂದ ಪ್ರತಿ ವರ್ಷ ಜನವರಿ 25ರಂದು ರಾಷ್ಟ್ರೀಯ ಮತದಾರರ ದಿನವನ್ನು ಆಚರಿಸುತ್ತ ಬಂದಿದ್ದೇವೆ. ಪ್ರತಿಜ್ಞೆ, ಭಾಷಣ, ಬಹುಮಾನಗಳು ನಡೆಯಲಿ, ಬೇಡವೆಂದವರಾರು? ಆದರೆ ಅಂದು ತುಕ್ಕಾನಟ್ಟಿಯಂಥ ಊರಿನ ಅರ್ಧ ಓಣಿಯ ಬಾಗಿಲಿಗೆ ಬೀಗವಿದ್ದು, ಆ ಮನೆಯವರು ಯಾವುದೋ ಊರಿನ ಕಬ್ಬಿನ ಪಡದಲ್ಲಿ ಮುಂಜಾವಿನ ಚಳಿಗೆ ರವದಿಯ ಬೆಂಕಿ ಕಾಯಿಸಿಕೊಳ್ಳುತ್ತಿರಬಹುದು. ಅವರ ಹೆಸರನ್ನು ಜೋಪಾನ ಮಾಡಿಟ್ಟಿದ್ದೇವೆಯೇ ಎಂದು ಊರಲ್ಲಿ ಉಳಿದ ನಾವು ಅಂದು ಒಮ್ಮೆ ಕೇಳಿಕೊಂಡರೆ ಆ ದಿನ ಸಾರ್ಥಕ.